'ಮಕ್ಕಳಿಗಾಗಿ' ಎಂದಾಗ ಕೇಳಬೇಕಾದ ಪ್ರಶ್ನೆಗಳು

"ಹಾಗಾದರೆ ಮಕ್ಕಳ ಸುರಕ್ಷತೆ ನಿಮಗೆ ಬೇಡವೇ?" ಚರ್ಚಾ ಸ್ಪರ್ಧೆಯಲ್ಲಿ ಈ ಪ್ರಶ್ನೆ ಎದ್ದರೆ ಎದುರಿನ ತಂಡ ಒಂದು ಕ್ಷಣ ಸುಮ್ಮನಾಗುತ್ತದೆ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಟಿ.ವಿ. ಚರ್ಚೆಯಲ್ಲಿ, ರಾಜಕೀಯ ಭಾಷಣದಲ್ಲಿ, ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿಯೂ ಈ ಮಾತಿಗೆ ಇದೇ ಶಕ್ತಿ. ಆ ಶಕ್ತಿ ಎಲ್ಲಿಂದ ಬರುತ್ತದೆ, ಅದನ್ನು ತೂಗಿ ನೋಡುವುದು ಹೇಗೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ತರ್ಕಶಾಸ್ತ್ರದಲ್ಲಿ ಇದನ್ನು ಭಾವನೆಗೆ ಮೊರೆ ಹೋಗುವ ವಾದಗಳ ಸಾಲಿಗೆ ಸೇರಿಸುತ್ತಾರೆ. ಭಾವನೆ ಇದ್ದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ. ದೋಷ ಬೇರೆಡೆ ಇದೆ. ಇಂಥ ಪ್ರತಿ ಮಾತಿನಲ್ಲೂ ಎರಡು ಭಾಗಗಳಿರುತ್ತವೆ. ಒಂದು ಗುರಿ: ಮಕ್ಕಳನ್ನು ಕಾಪಾಡಬೇಕು. ಇನ್ನೊಂದು ದಾರಿ: ಅದಕ್ಕಾಗಿ ಇದನ್ನು ನಿಷೇಧಿಸಬೇಕು, ಇವರನ್ನು ಹೊರಹಾಕಬೇಕು. ಗುರಿಯನ್ನು ಎಲ್ಲರೂ ಒಪ್ಪುತ್ತಾರೆ. ಆ ಒಪ್ಪಿಗೆಯನ್ನೇ ದಾರಿಗೂ ಕೊಟ್ಟ ಒಪ್ಪಿಗೆ ಎಂದು ಮಾತನಾಡುವವರು ಲೆಕ್ಕ ಹಿಡಿಯುತ್ತಾರೆ. ದಾರಿಯ ಬಗ್ಗೆ ಸಂಶಯ ಕೇಳಿದವರು ಮಕ್ಕಳ ಶತ್ರುವಾಗಿ ಕಾಣತೊಡಗುತ್ತಾರೆ.

ಇದು ಬರೀ ಮಾತಿನ ಆಟವಲ್ಲ. 2018ರಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸಾಪ್‌ನಲ್ಲಿ ಹಬ್ಬಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಜೊತೆಗಿತ್ತು. ಅದನ್ನು ಚಿತ್ರೀಕರಿಸಿದ್ದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದರ ಜಾಗೃತಿ ಜಾಹೀರಾತಿಗಾಗಿ. ಪೂರ್ತಿ ಚಿತ್ರದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಂಚಿದರು. ಮಕ್ಕಳನ್ನು ಕಾಪಾಡಲೆಂದು ಮಾಡಿದ ಚಿತ್ರವೇ ಅಮಾಯಕರನ್ನು ಕೊಲ್ಲಲು ನೆಪವಾಯಿತು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಭಾಗದಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡದಲ್ಲಿ ಅಲೆಮಾರಿ ಸಮುದಾಯದ ಐವರು ಸತ್ತರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಅವರೂ ಸ್ನೇಹಿತರೂ ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅನುಮಾನಗೊಂಡ ಜನ ಅವರನ್ನು ತಡೆದರು. ಕಾರು ಹತ್ತಿ ಹೊರಟರೆ ಅವರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುಂದಿನ ಊರು ತಲುಪಿತ್ತು. ಆಮೇಲೆ ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪೊಂದರ ಅಡ್ಮಿನ್ ಕೂಡ ಇದ್ದರು.

ಅಂದು ಆ ಸಂದೇಶ ಒತ್ತಿ ಕಳಿಸಿದವರಲ್ಲಿ ಹೆಚ್ಚಿನವರು ಕೊಲೆಗಡುಕರಾಗಿರಲಿಲ್ಲ. ತಾಯಂದಿರು, ಅಣ್ಣಂದಿರು, ನೆರೆಹೊರೆಯವರು ಇದ್ದಿರಬೇಕು. "ಸುಳ್ಳಾದರೂ ಪರವಾಗಿಲ್ಲ, ಎಚ್ಚರಿಕೆ ಇರಲಿ" ಎಂಬ ಲೆಕ್ಕಾಚಾರ ಇದರ ಹಿಂದೆ ಕೆಲಸ ಮಾಡುತ್ತದೆ. ಮಕ್ಕಳ ವಿಷಯ ಬಂದಾಗ ಸುಳ್ಳಿನ ಬೆಲೆ ಸೊನ್ನೆ ಎಂದು ನಮಗೆ ಅನ್ನಿಸುತ್ತದೆ. ಆ ಬೆಲೆಯನ್ನು ತೆತ್ತವರು ಊರಿಗೆ ಹೊಸಬರು, ಭಾಷೆ ಬಾರದವರು, ಅಲೆಮಾರಿಗಳು. ಸೂರಃ ಅಲ್ ಹುಜುರಾತ್‌ನ 6ನೆಯ ಸೂಕ್ತ ಎಚ್ಚರಿಸುವುದು ಇದನ್ನೇ: ಬಂದ ಸುದ್ದಿಯನ್ನು ಪರಿಶೀಲಿಸದೆ ಹೆಜ್ಜೆ ಇಟ್ಟರೆ ಅರಿವಿಲ್ಲದೆ ಯಾರಿಗೋ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾಗುತ್ತದೆ. ಮಕ್ಕಳ ವಿಷಯಕ್ಕೆ ಅಲ್ಲಿ ವಿನಾಯಿತಿ ಇಲ್ಲ.

ಹಾಗೆಂದು ಮಕ್ಕಳ ಹೆಸರು ಹೇಳುವ ಎಲ್ಲರನ್ನೂ ಅನುಮಾನಿಸಬೇಕೇ? ಇಲ್ಲ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿತು. ಆಗ ಎರಡೂ ಕಡೆಯವರು ಮಕ್ಕಳ ಹೆಸರನ್ನೇ ಹೇಳಿದರು. ಮಕ್ಕಳಲ್ಲಿ ಅಪೌಷ್ಟಿಕತೆ ಇದೆ ಎಂದು ಒಂದು ಕಡೆ, ಒಂದೇ ಸಾಲಿನಲ್ಲಿ ಕೂತು ಉಣ್ಣುವ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂದು ಇನ್ನೊಂದು ಕಡೆ. ಎರಡೂ ಕಾಳಜಿಗಳೇ. ಆದರೆ ಮೊದಲನೆಯದನ್ನು ತಕ್ಕಡಿಯಲ್ಲಿ ತೂಗಬಹುದಿತ್ತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ಅಳೆದು ಹೋಲಿಸಿದ ಅಧ್ಯಯನ ನಡೆಯಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ತಿನ್ನದವರಿಗೆ ಬಾಳೆಹಣ್ಣಿನ ಆಯ್ಕೆ ಎರಡನೆಯ ಕಾಳಜಿಗೂ ಒಂದಿಷ್ಟು ಉತ್ತರ ಕೊಟ್ಟಿತು. ಪರಿಶೀಲನೆಗೆ ಒಡ್ಡಿಕೊಂಡ ವಾದ ಎಂದರೆ ಇದು.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಾಲ್ಕು ಪ್ರಶ್ನೆಗಳು ಉಪಯುಕ್ತ ಎನಿಸಿದವು.

ಒಂದು, ಯಾವ ಮಕ್ಕಳು? 'ನಮ್ಮ ಮಕ್ಕಳು' ಎಂದಾಗ ಅಲೆಮಾರಿಯ ಮಗು, ವಲಸೆ ಕಾರ್ಮಿಕನ ಮಗು ಅದರಲ್ಲಿ ಸೇರಿದೆಯೇ?

ಎರಡು, ಅಪಾಯ ನಿಜವಾಗಿ ಎಲ್ಲಿದೆ? ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳು ತೋರಿಸುತ್ತವೆ. ಅಪರಿಚಿತನ ಕಡೆಗೇ ಬೆರಳು ತೋರಿಸುವ ಮಾತು ಮನೆಯೊಳಗಿನ, ನೆರೆಯ ಅಪಾಯವನ್ನು ಮರೆಮಾಡುತ್ತದೆ.

ಮೂರು, ಹೇಳುತ್ತಿರುವ ದಾರಿಯಿಂದ ಆ ಅಪಾಯ ತಪ್ಪುತ್ತದೆಯೇ? ಬೇರೆ ದಾರಿ ಇಲ್ಲವೇ?

ನಾಲ್ಕು, ಅದರ ಬೆಲೆ ಯಾರು ತೆರುತ್ತಾರೆ? ಅವರನ್ನು ಕೇಳಲಾಗಿದೆಯೇ?

ಕೊನೆಯ ಪ್ರಶ್ನೆ ನಮಗೆ ನೇರವಾಗಿ ತಾಗುತ್ತದೆ. ಪೋಕ್ಸೊ ಕಾಯ್ದೆಯ ಪ್ರಕಾರವೂ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರವೂ 18 ವರ್ಷ ತುಂಬದವರೆಲ್ಲ ಮಕ್ಕಳು. ಅಂದರೆ ಪಿಯುಸಿಯಲ್ಲಿರುವ ನಮ್ಮಲ್ಲಿ ಬಹುಪಾಲು ಜನ. ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ 2024ರಲ್ಲಿ ಕಾನೂನು ಮಾಡಿದರು. 2025ರ ಡಿಸೆಂಬರ್ 10ರಂದು ಅದು ಜಾರಿಗೆ ಬಂತು. ಅದು ಸರಿಯೋ ತಪ್ಪೋ ಎಂಬ ಬಗ್ಗೆ ನಮ್ಮ ತರಗತಿಯಲ್ಲೇ ಎರಡು ಅಭಿಪ್ರಾಯ ಇರಬಹುದು. ಇಂಥ ಚರ್ಚೆ ಇಲ್ಲಿಗೆ ಬಂದಾಗ ನಮ್ಮ ಹೆಸರು ಬಳಸುವವರು ನಮ್ಮ ಮಾತನ್ನೂ ಕೇಳಬೇಕು ಎನ್ನುವುದಂತೂ ನ್ಯಾಯ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ.

ಮಗುವೊಂದು ನಿಜಕ್ಕೂ ಅಪಾಯದಲ್ಲಿದೆ ಎನಿಸಿದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಪೊಲೀಸರಿಗೆ ತಿಳಿಸಿ. ಅಲ್ಲಿ ಯಾವ ಮಗು, ಎಲ್ಲಿ, ಏನಾಯಿತು ಎಂದು ಕೇಳುತ್ತಾರೆ. ಮಕ್ಕಳ ಹೆಸರಿನಲ್ಲಿ ಬಂದ ಸಂದೇಶವೊಂದಕ್ಕೆ ಈ ಮೂರು ಪ್ರಶ್ನೆಗಳಿಗೂ ಉತ್ತರ ಇಲ್ಲದಿದ್ದರೆ, ಅದನ್ನು ನಿಮ್ಮ ಫೋನಿನಲ್ಲೇ ನಿಲ್ಲಿಸಿ.