ನೆರೆಹೊರೆಯವರ ಕ್ರೀಡಾಕೂಟ

ಬಾದಾಮಿಯ ಬಂಡೆಗಳು ನೆರೆಹೊರೆಯ ಎರಡು ರಾಜ್ಯಗಳ ಕಥೆಯನ್ನು ಹೇಳುತ್ತವೆ. ಕ್ರಿ.ಶ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಈ ನಗರವನ್ನು ಗೆದ್ದು, ಇಲ್ಲಿಯ ಬಂಡೆಯ ಮೇಲೆ ಶಾಸನವನ್ನು ಬರೆಸಿದನು. ಮುಂದಿನ ಶತಮಾನದಲ್ಲಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದನು. ಆದರೆ ಅವನು ನಗರವನ್ನು ಸೂರೆಗೊಳ್ಳಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿ, ಆ ಸಂಗತಿಯನ್ನು ಅಲ್ಲಿ ಕನ್ನಡದಲ್ಲಿ ಕೆತ್ತಿಸಿದನು. ನೆರೆಯವರೊಳಗೆ ಪೈಪೋಟಿ ಸಹಜ. ಅದು ರಣರಂಗವನ್ನು ಬಿಟ್ಟು ಆಟದ ಬಯಲಿಗೆ ಬಂದರೆ, ಸೋತವನೂ ತಲೆಯೆತ್ತಿ ಮನೆಗೆ ಮರಳಬಹುದು.

ಅಂತಹ ಒಂದು ಪ್ರಯತ್ನವೇ ದಕ್ಷಿಣ ಏಷ್ಯಾ ಕ್ರೀಡಾಕೂಟ. 1984ರ ಸೆಪ್ಟೆಂಬರಿನಲ್ಲಿ ನೇಪಾಳದ ಕಠ್ಮಂಡುವಿನಲ್ಲಿ ಇದು ಮೊದಲ ಬಾರಿಗೆ ನಡೆಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ ಮತ್ತು ಮಾಲ್ಡೀವ್ಸ್ ಎಂಬ ಏಳು ದೇಶಗಳು ಭಾಗವಹಿಸಿದವು. ಓಟ ಮೊದಲಾದ ಅಥ್ಲೆಟಿಕ್ಸ್, ಈಜು, ಫುಟ್‌ಬಾಲ್, ಮುಷ್ಟಿಯುದ್ಧ, ಭಾರ ಎತ್ತುವಿಕೆ ಎಂಬ ಐದೇ ಸ್ಪರ್ಧೆಗಳಿದ್ದವು. ಈ ದೇಶಗಳ ಸಹಕಾರ ಸಂಘವಾದ ಸಾರ್ಕ್ ಸ್ಥಾಪನೆಯಾದುದು 1985ರ ಡಿಸೆಂಬರಿನಲ್ಲಿ. ಆಳುವವರು ಸಂಘ ಕಟ್ಟುವ ಮೊದಲೇ ಆಟಗಾರರು ಒಂದುಗೂಡಿದ್ದರು!

ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಶಾಲಾ ಮೈದಾನಗಳಲ್ಲಿ ಸುಣ್ಣದ ಗೆರೆ ಎಳೆದು ಆಡುವ ಕಬಡ್ಡಿಯನ್ನು ನೀವು ಬಲ್ಲಿರಿ. ಇದೇ ಆಟಕ್ಕೆ ಬಾಂಗ್ಲಾದೇಶದಲ್ಲಿ ಹಾಡುಡು ಎಂದೂ ಶ್ರೀಲಂಕೆಯಲ್ಲಿ ಗುಡು ಎಂದೂ ಹೆಸರುಂಟು. 1985ರ ಢಾಕಾ ಕೂಟದಲ್ಲಿ ಕಬಡ್ಡಿಗೂ, 2016ರಲ್ಲಿ ಗುವಾಹಟಿ ಹಾಗೂ ಶಿಲ್ಲಾಂಗ್‌ಗಳಲ್ಲಿ ನಡೆದ ಕೂಟದಲ್ಲಿ ಖೋಖೋ ಆಟಕ್ಕೂ ಸ್ಥಾನ ದೊರೆಯಿತು. ಹಳ್ಳಿಯ ಆಟಗಳು ಹೀಗೆ ದೇಶದೇಶಗಳ ನಡುವಿನ ಅಂಕಣವನ್ನು ಏರಿದವು.

2019ರವರೆಗೆ ಹದಿಮೂರು ಕೂಟಗಳು ನಡೆದವು. ಎಲ್ಲದರಲ್ಲಿಯೂ ಪದಕಪಟ್ಟಿಯ ಮೊದಲ ಸ್ಥಾನ ಭಾರತದ್ದೇ. ಆದರೆ ದೊಡ್ಡ ದೇಶವೇ ಸದಾ ಗೆಲ್ಲಬೇಕೆಂಬ ನಿಯಮವಿಲ್ಲ. 1984ರ ಫುಟ್‌ಬಾಲ್ ಚಿನ್ನ ನೇಪಾಳದ ಪಾಲಾಯಿತು. 2019ರಲ್ಲಿ ಪುಟ್ಟ ಮಾಲ್ಡೀವ್ಸ್‌ನ ಹಸನ್ ಸಾಯಿದ್ ನೂರು ಮೀಟರ್ ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕಿದರು.

ಈ ಕೂಟದ ದಾರಿ ಸುಗಮವಾಗಿರಲಿಲ್ಲ. ಇಸ್ಲಾಮಾಬಾದಿನಲ್ಲಿ 2001ರಲ್ಲಿ ನಡೆಯಬೇಕಾಗಿದ್ದ ಕೂಟವು 2004ರಲ್ಲಿ ನಡೆಯಿತು. 2019ರ ಅನಂತರದ ಕೂಟವೂ ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. ನೆರೆಯವರ ಮನಸ್ಸು ಕೆಟ್ಟಾಗ ಆಟದ ಬಯಲೂ ಬರಿದಾಗುತ್ತದೆ. ಆಡಬೇಕಾದರೆ ಎದುರಾಳಿ ಬೇಕು. ಎದುರಾಳಿ ಬರಬೇಕಾದರೆ ವಿಶ್ವಾಸ ಬೇಕು. ಆ ವಿಶ್ವಾಸವನ್ನು ಉಳಿಸಿಕೊಳ್ಳುವುದೇ ಎಲ್ಲ ಪದಕಗಳಿಗಿಂತ ದೊಡ್ಡ ಗೆಲುವು.