ಶಾಖವನ್ನು ಎತ್ತುವ ಪಂಪು

ಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ. ಇದ್ದ ನೀರನ್ನು ಮೇಲೆತ್ತುತ್ತದೆ, ಅಷ್ಟೆ. ಜಪಾನ್, ನಾರ್ವೆ ದೇಶಗಳಲ್ಲಿ ಮನೆ ಬೆಚ್ಚಗಿಡುವ ಶಾಖದ ಪಂಪಿನ ಕೆಲಸವೂ ಇದೇ. ಚಳಿಗಾಳಿಯಲ್ಲಿ ಶಾಖವೆಲ್ಲಿ ಬಂತು ಅಂತೀರಾ? ಇದೆ. ಹೊರಗಿನ ಪೆಟ್ಟಿಗೆಯಲ್ಲಿ ಆ ಗಾಳಿಗಿಂತಲೂ ತಣ್ಣಗಿರುವ ದ್ರವವು ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಒತ್ತಿದಾಗ ಆವಿ ಬಿಸಿಯೇರಿ, ತಾಮ್ರದ ಸಣ್ಣ ಕೊಳವೆಯಲ್ಲಿ ಒಳಪೆಟ್ಟಿಗೆಗೆ ಬಂದು, ಕೋಣೆಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ. ಮನೆತುಂಬ ಗಾಳಿಕೊಳವೆ ಬೇಕಿಲ್ಲ.

ಲಾಭವೇನು? ಕಾಯಿಲ್ ಹೀಟರಿನಲ್ಲಿ 1 ಯೂನಿಟ್ ವಿದ್ಯುತ್ತಿಗೆ 1 ಯೂನಿಟ್ ಶಾಖ. ಇದರಲ್ಲಿ ಸಾಧಾರಣ ಚಳಿಗೆ ಸುಮಾರು 3. ಬಾವಿ ಆಳವಾದಷ್ಟೂ ಪಂಪಿಗೆ ಶ್ರಮ ಹೆಚ್ಚುವಂತೆ, ಚಳಿ ಹೆಚ್ಚಿದಷ್ಟೂ ಈ ಲಾಭ ಇಳಿಯುತ್ತದೆ.

ನಮ್ಮಲ್ಲಿ ಕೋಣೆ ತಂಪು ಮಾಡುವ ಸ್ಪ್ಲಿಟ್ ಏ.ಸಿ.ಯೂ ಇದೇ ಜಾತಿಯದು. ಶಾಖ ಸಾಗುವ ದಿಕ್ಕು ಮಾತ್ರ ಬೇರೆ. ಮನೆಯಲ್ಲಿದ್ದರೆ ಜಾಲರಿಯ ದೂಳನ್ನು ಆಗಾಗ ತೊಳೆಯಿರಿ. ಜಾಲರಿ ಕಟ್ಟಿಕೊಂಡರೆ ಕರೆಂಟಿನ ಬಿಲ್ಲು ಏರೀತು, ಜೋಕೆ!