ಜೂನ್ ಒಂದರವರು

ನಾನು ಹುಟ್ಟಿದ್ದು ಕಡಲೆಕಾಯಿ ಪರಿಷೆಯ ದಿನ. ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಅಭಿಷೇಕ ಆಗುವ ಹೊತ್ತು ಅಂತ ಅಮ್ಮ ಹೇಳುತ್ತಿದ್ದಳು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ದಿನಾಂಕ ಮಾತ್ರ 1-6-1963. ಒಂದನೇ ಕ್ಲಾಸಿಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದಾಗ ಹೆಡ್‌ಮಾಸ್ಟರು ಬೆರಳಲ್ಲೇ ಲೆಕ್ಕ ಹಾಕಿ, ಶಾಲೆ ತೆರೆಯುವ ದಿನಕ್ಕೆ ಸರಿಯಾಗಿ ನನಗೆ ಆರು ವರ್ಷ ತುಂಬಿಸಿಬಿಟ್ಟರಂತೆ. ನನ್ನ ಓರಗೆಯವರನ್ನು ಕೇಳಿ ನೋಡಿ, ಮನೆಗೊಬ್ಬರಾದರೂ ಜೂನ್ ಒಂದರವರು ಸಿಕ್ಕೇ ಸಿಗುತ್ತಾರೆ.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1979ರಲ್ಲಿ. ಬೀಳ್ಕೊಡುಗೆಯ ದಿನ ಗಾಂಧಿ ಬಜಾರಿನಲ್ಲಿ ಕೊಂಡ ಆಟೋಗ್ರಾಫ್ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಗುಲಾಬಿ, ಹಸಿರು, ಹಳದಿ ಹಾಳೆಗಳು. ಪ್ರತಿಯೊಬ್ಬಳೂ ಹಾರೈಕೆಯ ಕೆಳಗೆ ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು ಸಮೇತ ವಿಳಾಸ ಬರೆದಿದ್ದಾಳೆ. ಯಾರೂ ಊರು ಬಿಡುವವರಲ್ಲ, ನಾಲ್ಕು ಹೆಜ್ಜೆ ನಡೆದರೆ ಎಲ್ಲರ ಮನೆ ಸಿಗುತ್ತಿತ್ತು. ಆದರೂ ಬರೆದಿದ್ದೇವೆ.

ಆಮೇಲೆ ನಾನೇ ಟೀಚರಾದೆ. ಚಾಮರಾಜಪೇಟೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಪಾಠ ಮಾಡಿದೆ. ತಿಂಗಳ ಮೊದಲ ತಾರೀಖಿನಲ್ಲಿ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹಾಗಾಗಿ 2023ರ ಮೇ 31ಕ್ಕೆ ನನ್ನ ಕೆಲಸ ಮುಗಿಯಿತು. ಪರಿಷೆಯ ದಿನವೇ ದಾಖಲಾಗಿದ್ದರೆ ಇನ್ನೂ ಆರು ತಿಂಗಳು ಇರುತ್ತಿದ್ದೆ. ಒಂಬತ್ತನೇ ಕ್ಲಾಸಿನ 22 ಮಕ್ಕಳನ್ನು ಹತ್ತರ ಹೊಸ್ತಿಲಲ್ಲಿ ಬಿಟ್ಟು ಬಂದಂತಾಯಿತು. ನನ್ನ ಜಾಗಕ್ಕೆ ಯಾರೂ ಬರಲಿಲ್ಲ. ವಾರಕ್ಕೆ ಮೂರು ದಿನ ನಾನೇ ಹೋಗಿ ಪಾಠ ಮಾಡಿದೆ.

ಆ 22 ಮಕ್ಕಳ ಮೇಲೆ ನನಗೆ ಪ್ರೀತಿ ಹೆಚ್ಚು. ಅವರು ಆರನೇ ಕ್ಲಾಸಿನ ಕೊನೆಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. ಏಳನೇ ಕ್ಲಾಸೆಂದರೆ ಅವರಿಗೆ ಮನೆ ಹತ್ತಿರವೇ ಪಾಠ ನಡೆಸುವ ವಿದ್ಯಾಗಮದ ಕೆಲವು ದಿನ ಮತ್ತು ಅಣ್ಣನೋ ಅಪ್ಪನೋ ಕೆಲಸಕ್ಕೆ ತೆಗೆದುಕೊಂಡು ಹೋಗದಿದ್ದ ಹೊತ್ತಿನಲ್ಲಿ ಸಿಕ್ಕ ಮೊಬೈಲು. ಎಂಟಕ್ಕೆ ನಮ್ಮ ಶಾಲೆಗೆ ಬಂದಾಗ ಒತ್ತಕ್ಷರ ಮರೆತಿದ್ದರು. ಇವರ ಹಿಂದಿನವರ ಪರೀಕ್ಷೆಯನ್ನೂ ನೋಡಿದ್ದೇನೆ. 2021ರಲ್ಲಿ ಇಡೀ ಎಸ್ಸೆಸ್ಸೆಲ್ಸಿ ಎರಡೇ ದಿನ, ಜುಲೈ 19 ಮತ್ತು 22. ಉತ್ತರ ಬರೆಯುವುದೇ ಇರಲಿಲ್ಲ, ಸುತ್ತಿನೊಳಗೆ ಮಸಿ ತುಂಬಿದರಾಯಿತು.

ಬೀಳ್ಕೊಡುಗೆ ಎಂದರೆ ಜನ ಭಾಷಣ, ಗ್ರೂಪ್ ಫೋಟೋ ಅಂದುಕೊಳ್ಳುತ್ತಾರೆ. ನನಗೆ ಹಾಗಲ್ಲ. ಮಕ್ಕಳು ನಿಜವಾಗಿ ಶಾಲೆಯಿಂದ ಹೊರಗೆ ಕಾಲಿಡುವುದು ನಾಮಿನಲ್ ರೋಲ್ ತಿದ್ದುವ ದಿನ. ಪರೀಕ್ಷೆಗೆ ಕೆಲವು ತಿಂಗಳು ಮೊದಲೇ ಶಾಲೆಯು ಪ್ರತಿ ವಿದ್ಯಾರ್ಥಿಯ ಹೆಸರು, ತಂದೆ ತಾಯಿಯ ಹೆಸರು, ಜನ್ಮದಿನಾಂಕ ಎಲ್ಲವನ್ನೂ ಮಲ್ಲೇಶ್ವರದ ಆರನೇ ಅಡ್ಡರಸ್ತೆಯಲ್ಲಿರುವ ಪರೀಕ್ಷಾ ಮಂಡಳಿಗೆ ಕಳಿಸಬೇಕು. ಕರಡು ಪ್ರತಿಯನ್ನು ಮಕ್ಕಳಿಗೆ, ಪೋಷಕರಿಗೆ ತೋರಿಸಿ ಸಹಿ ಹಾಕಿಸಬೇಕು. 625 ಅಂಕಕ್ಕೆ ಎಷ್ಟು ಬಂತೆಂದು ಹತ್ತು ವರ್ಷದ ಮೇಲೆ ಯಾರೂ ಕೇಳುವುದಿಲ್ಲ. ಆದರೆ ಪಾಸ್‌ಪೋರ್ಟಿಗೆ, ನೌಕರಿಗೆ, ಪಿಂಚಣಿಗೆ ಅಂಕಪಟ್ಟಿಯಲ್ಲಿನ ಹೆಸರು, ತಾರೀಖು ಬೇಕೇ ಬೇಕು. ಆಮೇಲೆ ದಿನಾಂಕ ಬದಲಿಸಬೇಕೆಂದರೆ ಕೋರ್ಟು ಅಲೆಯಬೇಕು.

ಆ 22 ಮಕ್ಕಳ ನಾಮಿನಲ್ ರೋಲ್ ತಿದ್ದುವ ದಿನ ಒಬ್ಬ ಹುಡುಗಿಯ ಹೆಸರು ತೊಡಕಾಯಿತು. ಯಾದಗಿರಿ ಕಡೆಯವಳು. ಅಪ್ಪ ಗಾರೆ ಕೆಲಸ, ಅಮ್ಮ ಮೂರು ಮನೆಯ ಪಾತ್ರೆ ಕೆಲಸ. ಆಧಾರಿನಲ್ಲಿ ಹೆಸರಿನ ಮುಂದೆ ಮನೆತನದ ಅಡ್ಡಹೆಸರಿದೆ. ನಮ್ಮ ರಿಜಿಸ್ಟರಿನಲ್ಲಿ ಅದನ್ನು ಬಿಟ್ಟು, ಈ ಕಡೆಯ ರೂಢಿಯಂತೆ ಅಪ್ಪನ ಹೆಸರಿನ ಒಂದಕ್ಷರವನ್ನು ಇನಿಷಿಯಲ್ ಮಾಡಿದ್ದಾರೆ. ಎರಡೂ ಹೊಂದದಿದ್ದರೆ ನಾಳೆ ವಿದ್ಯಾರ್ಥಿವೇತನ ಖಾತೆಗೆ ಬೀಳುವುದಿಲ್ಲ. ಅಮ್ಮ ಕೆಲಸದ ಮನೆಯಿಂದ ಓಡಿ ಬಂದಿದ್ದಳು. ಕೈ ಇನ್ನೂ ಒದ್ದೆ.

“ಅಡ್ಡಹೆಸ್ರು ಬಿಡಬ್ಯಾಡ್ರಿ ಅಕ್ಕೋರ. ಅದು ಬಿಟ್ರ ಊರಾಗ ನಾವು ಯಾರಂತ ಗೊತ್ತಾಗಂಗಿಲ್ಲ.”

ರಿಜಿಸ್ಟರು ತಿದ್ದಲು ಅರ್ಜಿ, ಅಫಿಡವಿಟ್ಟು, ಮೇಲಧಿಕಾರಿಗಳ ಸಹಿ, ಎಲ್ಲಕ್ಕೂ ಓಡಾಡಿದೆವು. ಕೊನೆಗೆ ಪೂರ್ತಿ ಹೆಸರು ಕೂತಿತು. ಅವಳು ಕರಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಬಾಯೊಳಗೇ ಹೇಳಿಕೊಂಡು ಸಹಿ ಹಾಕಿದಳು. ಹದಿನೈದು ವರ್ಷದ ಮಗು ತನ್ನ ಹೆಸರನ್ನು ಅಷ್ಟು ಗಂಭೀರವಾಗಿ ಓದುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಬಡಾವಣೆಯ ಹಳಬರು ಕೆಲವರು, ಶಾಲೆ ಈಗ ಹೊರಗಿನವರದಾಯಿತು ಅನ್ನುತ್ತಾರೆ. ಈ ಮಾತು ನನಗೆ ನೋವು ತರುತ್ತದೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಿಂದ ಇದೆ. 1935ರಲ್ಲಿ ಅಲ್ಲಿಗೆ ಓದಲು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಹುಡುಗ ನಡೆದೇ ಬಂದ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನೂ ಅವನೇ. ಆ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು. ನಮ್ಮ ಪೇಟೆಯ ಶಾಲೆಗಳು ಊರ ಮಕ್ಕಳಿಗೆಷ್ಟೋ ನಡೆದು ಬಂದ ಮಕ್ಕಳಿಗೂ ಅಷ್ಟೇ ಸೇರಿದವು.

ಫೆಬ್ರವರಿಯಲ್ಲಿ ಶಾರದಾ ಪೂಜೆ, ಬೀಳ್ಕೊಡುಗೆ ಒಟ್ಟಿಗೇ ಆಯಿತು. ಒಂಬತ್ತನೆಯವರು ಚೆಂಡುಹೂವಿನ ತೋರಣ ಕಟ್ಟಿದ್ದರು. ಖಾರಾಬಾತು, ಕೇಸರಿಬಾತು. ಹುಡುಗಿಯರು ಅಮ್ಮಂದಿರ ಸೀರೆ ಉಟ್ಟು ನೆರಿಗೆ ಹಿಡಿದುಕೊಂಡೇ ಓಡಾಡಿದರು. ಹುಡುಗರು ಒಬ್ಬರ ಸಮವಸ್ತ್ರದ ಅಂಗಿಯ ಮೇಲೆ ಇನ್ನೊಬ್ಬರು ಸ್ಕೆಚ್ ಪೆನ್ನಲ್ಲಿ ಸಹಿ ಹಾಕಿದರು. ಅಂಗಿಯ ಮೇಲೆ ವಿಳಾಸ ಯಾರೂ ಬರೆಯಲಿಲ್ಲ. ಕಟ್ಟಡ ಮುಗಿದರೆ ಎಷ್ಟೋ ಮನೆಯವರು ಇನ್ನೊಂದು ಸೈಟಿಗೆ ಹೋಗುವವರು, ಯಾವ ವಿಳಾಸ ಬರೆದಾರು?

ಮುಂದೇನು ಅಂತ ಒಬ್ಬೊಬ್ಬರನ್ನೇ ಕೇಳಿದೆ. ಕಾಮರ್ಸ್ ಅಂದವರೇ ಹೆಚ್ಚು. ಇಬ್ಬರು ಐಟಿಐ. ಒಬ್ಬ ಹುಡುಗ ತಲೆ ತಗ್ಗಿಸಿ, ಅಪ್ಪನ ಜೊತೆ ಹೂವಿನ ಅಂಗಡಿ ಅಂದ. ಯಾದಗಿರಿಯ ಹುಡುಗಿ ಮಾತ್ರ ಥಟ್ಟನೆ, “ಸಿವಿಲ್ ಡಿಪ್ಲೊಮಾ ಟೀಚರ್. ಅಪ್ಪ ಕಟ್ಟೋ ಬಿಲ್ಡಿಂಗಿನ ನಕ್ಷೆ ಓದೋದು ಕಲೀಬೇಕ್ರಿ” ಅಂದಳು.

2024ರ ಪರೀಕ್ಷೆ ಮಾರ್ಚ್ 25ಕ್ಕೆ ಶುರುವಾಯಿತು. ಒಂದೇ ವರ್ಷದಲ್ಲಿ ಮೂರು ಪರೀಕ್ಷೆ, ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಉಳಿಯುವ ಪದ್ಧತಿಗೆ ಇವರೇ ಮೊದಲ ತಂಡ. ವೆಬ್‌ಕಾಸ್ಟಿಂಗ್ ಕ್ಯಾಮೆರಾದ ಕಣ್ಣೆದುರು ಬರೆದವರೂ ಇವರೇ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ನಮ್ಮ 22ರಲ್ಲಿ 17 ಮಂದಿ ಮೊದಲ ಸಲಕ್ಕೇ ಪಾಸು. ಐವರನ್ನು ಮೇ ಬಿಸಿಲಿನಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಮತ್ತೆ ಓದಿಸಿದೆವು. ಜೂನಿನ ಎರಡನೇ ಪರೀಕ್ಷೆಯಲ್ಲಿ ಮೂವರು ದಾಟಿದರು. ಹೂವಿನ ಅಂಗಡಿಯ ಹುಡುಗ ಅವರಲ್ಲಿ ಒಬ್ಬ. ಉಳಿದಿಬ್ಬರ ಮನೆಯವರು ಅಷ್ಟರಲ್ಲಿ ಊರಿಗೆ ಹೊರಟುಹೋಗಿದ್ದರು. ಅವರ ಫೋನು ಈಗಲೂ ಸ್ವಿಚ್ ಆಫ್ ಬರುತ್ತದೆ. ಆಗಾಗ ಮಾಡಿ ನೋಡುತ್ತೇನೆ.

ಮೂಲ ಅಂಕಪಟ್ಟಿ ಶಾಲೆಗೆ ಬಂದ ದಿನ ಯಾದಗಿರಿಯ ಆ ತಾಯಿ ಮಗಳು ಜೊತೆಗೇ ಬಂದರು. ತಾಯಿಗೆ ಓದು ಬರದು. ಹಾಳೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, “ಇದರಾಗ ನನ್ನ ಹೆಸ್ರು ಐತೇನ್ರಿ ಅಕ್ಕೋರ?” ಅಂತ ಕೇಳಿದಳು. ಮಗಳು ಅಮ್ಮನ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟಳು. ಲ್ಯಾಮಿನೇಷನ್ ಮಾಡಿಸಬೇಡಿ, ಜೆರಾಕ್ಸ್ ತೆಗೆಸಿಡಿ, ಹತ್ತು ಪ್ರತಿ ಸಾಕು ಅಂದೆ. ರಸ್ತೆಯಾಚೆಯ ಅಂಗಡಿಯಲ್ಲಿ ಮಗಳು ಹದಿನೈದು ಪ್ರತಿ ತೆಗೆಸುತ್ತಿದ್ದುದು ಸ್ಟಾಫ್ ರೂಮಿನ ಕಿಟಕಿಯಿಂದ ಕಾಣುತ್ತಿತ್ತು. ಅಮ್ಮ ಪಕ್ಕದಲ್ಲಿ ನಿಂತು ಒಂದೊಂದನ್ನೇ ಎಣಿಸಿಕೊಳ್ಳುತ್ತಿದ್ದಳು.